ಮುಖ ಕೊಡದ ಜೋಗಿ

ಜೋಗಿ ತನ್ನ ಮುಖವನ್ನು ಯಾರಿಗೂ ಕೊಡುವುದಿಲ್ಲ ಎಂದು ಹಟ ಹಿಡಿದದ್ದೇ ಈ ಎಲ್ಲ ರಾದ್ಧಾಂತಕ್ಕೂ ಮೂಲ. ಬಿಳಿಕಲ್ಲುಹಟ್ಟಿಯ ಉಳಿದವರೆಲ್ಲ ಸಂತೋಷವಾಗಿಯೇ ಕೊಟ್ಟಿದ್ದರು. ಕೋಲೂರಿ ನಡೆಯುವ ಅಜ್ಜಿಯರು ಕೂಡ ತಲೆಯ ಬಿಳಿ ವಸ್ತ್ರ ಸರಿಮಾಡಿಕೊಂಡು, ಸಮುದಾಯ ಭವನದ ಎದುರು ಸಾಲಾಗಿ ನಿಂತು, ಊಟಿಯಿಂದ ಬಂದಿದ್ದ ಕ್ಯಾಮೆರಾ ಮೆಕಾನಿಕ್ ರಾಜೇಶ್‌ಕುಮಾರನ ಫೋನಿಗೆ ಎಡಗೆನ್ನೆ, ಬಲಗೆನ್ನೆ, ನೆಟ್ಟಗಿನ ಮುಖ ಎಲ್ಲವನ್ನೂ ತೋರಿಸಿ ಬಂದಿದ್ದರು. ಜೋಗಿ ಮಾತ್ರ ಆ ದಿನ ಟವೆಲನ್ನು ಮೂಗಿನ ಮೇಲಕ್ಕೆಳೆದುಕೊಂಡು ತೋಟದ ಕಡೆ ನಡೆದುಬಿಟ್ಟಿದ್ದ.

ಊರಿಗೆ ಕ್ಯಾಮೆರಾ ಬಂದದ್ದು ಕರಡಿಯ ದೆಸೆಯಿಂದ. ಮಂಜೂರು ಪೇಟೆಯಿಂದ ಮೇಲಕ್ಕಿರುವ ಹಟ್ಟಿಗಳಿಗೆ ಕರಡಿ ಹೊಸತಲ್ಲ. ಚಹಾ ಗಿಡಗಳ ನಡುವೆ ನುಸುಳಿ ಬಂದು, ಬೆಲ್ಲ ತಿಂದು, ದೀಪದ ಎಣ್ಣೆ ಕುಡಿದು, ಬಾಯಿ ಒರೆಸಿಕೊಂಡು ಹೋಗುವುದು ಅದಕ್ಕೆ ಅಭ್ಯಾಸ. ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದು ಕೂತಿದ್ದ ಗುಮಾಸ್ತ ಗಿರಿಧರನ್ ಎಲ್ಲರನ್ನೂ ಒಪ್ಪಿಸಿ, ಭವನದ ಎದುರಿನ ಕಂಬಕ್ಕೆ ಒಂದು ಕ್ಯಾಮೆರಾ, ಅದರ ಕೆಳಗೊಂದು ಲೌಡ್‌ಸ್ಪೀಕರ್ ಹಾಕಿಸಿದ. ಕಾಡುಪ್ರಾಣಿ ಕಂಡರೆ ಅದು ತಾನಾಗಿಯೇ ಕೂಗಿ ಹೇಳುತ್ತದೆ. ಕೂಗುವ ದನಿ ಗಿರಿಧರನ ಸೊಸೆ ಸರಣ್ಯಾಳದು, ಮೊದಲೇ ರೆಕಾರ್ಡ್ ಮಾಡಿಟ್ಟದ್ದು. ಊರಿನವರ ಮುಖಗಳನ್ನು ಅದಕ್ಕೆ ಕಲಿಸಿಟ್ಟರೆ ಅವರನ್ನು ಕಂಡಾಗ ಬಾಯಿ ಮುಚ್ಚಿಕೊಂಡಿರುತ್ತದೆ. ಕಲಿಸದೆ ಹೋದರೆ ಏನನ್ನುತ್ತದೋ ಅದರ ಇಷ್ಟ.

"ಎನ್ನ ಮೊಗ ಎನ್ನದು," ಎಂಬುದು ಜೋಗಿಯ ವಾದ. ಅವನು ಸಂಜೆಯೆಲ್ಲ ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಈ ವಿಷಯದಲ್ಲಿ ಪಂಡಿತನಾಗಿದ್ದ. ಅದರಲ್ಲೊಂದು ವೀಡಿಯೋ ಹೇಳಿತೆಂದು ತನ್ನ ಫೋನಿನ ಕ್ಯಾಮೆರಾದ ಮೇಲೆ ಹೆಂಡತಿ ಹಾಲಿಯ ಬಿಂದಿಯೊಂದನ್ನು ಅಂಟಿಸಿದ್ದ. ಮನೆಯ ಗುಟ್ಟು ಮಾತಾಡುವಾಗ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಡುತ್ತಿದ್ದ. ಕೆಳಗೆ ಬಸ್ ನಿಲ್ಲುವ ತಿರುವಿನಲ್ಲಿ ಚಹಾ ಅಂಗಡಿ ಇಟ್ಟಿದ್ದ ಗುಂಡ್ಲುಪೇಟೆ ಕಡೆಯ ಬೆಟ್ಟಯ್ಯ ಒಮ್ಮೆ ಕೇಳಿಯೇಬಿಟ್ಟ.

"ಅಲ್ಲ ಜೋಗಣ್ಣ, ನಿನ್ ಮೊಕ ಕದ್ಕಂಡೋದ್ರೆ ಕದ್ದೋನ್ಗೆ ಏನ್ ಸಿಕ್ಕದು?"

"ನೀ ನಗು ಬೆಟ್ಟಯ್ಯ. ನಾಳೆ ಯಾರೋ ಎನ್ನ ಮೊಗ ಹಾಕ್ಕೊಂಡು ಊರೆಲ್ಲ ಸುತ್ತಿ ಏನಾದ್ರೂ ತಿಂದು ಬಂದ್ರೆ? ಜನ ಯಾರನ್ನ ಕೇಳ್ತಾರೆ? ಎನ್ನನ್ನೇ ತಾನೆ?"

ಬೆಟ್ಟಯ್ಯ ಆ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಅದನ್ನು ಹಾಕಿಕೊಂಡು ಸುತ್ತುವ ಧೈರ್ಯ ಯಾವ ಕಳ್ಳನಿಗೂ ಬರಲಾರದೆಂದುಕೊಂಡು ಚಹಾ ಸೋಸಿದ.

ರಾದ್ಧಾಂತ ನಡೆದ ದಿನ ಮಧ್ಯಾಹ್ನ ಭವನದಲ್ಲಿ ಊರ ಸಭೆ ಇತ್ತು. ಜೋಗಿ ಬೆಳಗ್ಗೆ ಎದ್ದದ್ದೇ ಆ ಸಭೆಯ ಯೋಚನೆಯಲ್ಲಿ. ಭವನದ ಪಕ್ಕದ ಉಗ್ರಾಣದಲ್ಲಿ ಊರ ಊಟಗಳಿಗೆ ಬೇಕಾಗುವ ತುಪ್ಪ, ಬೆಲ್ಲ, ಎಣ್ಣೆ, ಅಕ್ಕಿ ಇರುತ್ತವೆ. ಅದರ ಕೀಲಿ ಒಬ್ಬನ ಸೊಂಟದಲ್ಲೇ ಇರಬೇಕು. ಆ ಒಬ್ಬನನ್ನು ಹಟ್ಟಿಯಲ್ಲಿ 'ಊರು ನಂಬುವ ಮನುಷ್ಯ' ಎಂದು ಕರೆಯುತ್ತಾರೆ. ಹಳೆಯ ಕೀಲಿಗಾರ ರಂಗನಾಥನ್ ಕಣ್ಣು ಮಂಜಾಯಿತೆಂದು ಕೀಲಿ ಬಿಟ್ಟುಕೊಡುವುದಾಗಿ ಹೇಳಿದ್ದ. ಜೋಗಿಗೆ ಆ ಕೀಲಿಯ ಆಸೆ ಇಂದು ನಿನ್ನೆಯದಲ್ಲ. ಊಟದ ದಿನ ಉಗ್ರಾಣದ ಬಾಗಿಲಲ್ಲಿ ಕಾಲು ಚಾಚಿ ಕೂತು, ಹೆಂಗಸರು ಬಂದು "ಜೋಗಣ್ಣಾ, ಒಂದಿಷ್ಟು ತುಪ್ಪ" ಎಂದು ಕೇಳುವುದನ್ನೂ ತಾನು "ನೋಡಾಣ" ಎನ್ನುವುದನ್ನೂ ಅವನು ಮನಸ್ಸಿನಲ್ಲೇ ಎಷ್ಟೋ ಸಲ ಅನುಭವಿಸಿದ್ದ. ಎದುರಾಳಿ ಎಂದರೆ ಗಿರಿಧರನ್ ಒಬ್ಬನೇ. ಅವನು ಹಟ್ಟಿಗೆ ಬಂದು ಹೆಚ್ಚು ದಿನ ಆಗಿರಲಿಲ್ಲವಾದ್ದರಿಂದ ಜೋಗಿ ತಾನೇ ಗೆದ್ದೆ ಎಂದುಕೊಂಡಿದ್ದ.

ಹೊರಗೆ ಮಂಜು ಸುರಿಯುತ್ತಿತ್ತು. ಜೋಗಿ ಕಪ್ಪು ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯಿಂದ ಮೊಣಕಾಲಿನವರೆಗೆ ಹೊದ್ದು, ಕೊಯ್ದ ಚಹಾ ಲೀಫಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು, ಬಗ್ಗಿ, ನೋವಿನ ಮೊಣಕಾಲನ್ನು ಎಳೆಯುತ್ತ ತೂಗಾಡಿಕೊಂಡು, ಎಲೆ ತೂಕಕ್ಕೆ ಹಾಕುವ ಲೀಫ್ ಶೆಡ್ಡಿನ ದಾರಿ ಹತ್ತಿ ಬಂದ. ಕಂಬದ ಮೇಲಿನ ಕ್ಯಾಮೆರಾ ಕತ್ತು ತಿರುಗಿಸಿತು.

ಪೇಂ ಎಂದು ಸೈರನ್ ಕೂಗಿತು. ಹಿಂದೆಯೇ ಸರಣ್ಯಾಳ ಮಧುರ ಕಂಠ: "ಗಮನಿಸಿ. ಕರಡಿ ಬಂದಿದೆ. ಲೀಫ್ ಶೆಡ್ ದಾರಿ. ಬಾಗಿಲು ಹಾಕಿಕೊಳ್ಳಿ."

ಜೋಗಿಯ ಜೀವ ಬಾಯಿಗೆ ಬಂತು. ಲೀಫ್ ಶೆಡ್ ದಾರಿಯಲ್ಲಿ ಇದ್ದದ್ದು ತಾನೊಬ್ಬನೇ. ಅಂದ ಮೇಲೆ ಕರಡಿ ತನ್ನ ಬೆನ್ನ ಹಿಂದೆಯೇ ಇರಬೇಕು! ತಿರುಗಿ ನೋಡುವ ಧೈರ್ಯವಾಗದೆ ಕಾಲಿಗೆ ಬುದ್ಧಿ ಹೇಳಿದ.

"ಗಮನಿಸಿ. ಕರಡಿ ಓಡುತ್ತಿದೆ. ಭವನದ ಕಡೆ," ಎಂದಳು ಸರಣ್ಯಾ.

ಜೋಗಿ ಎಡಕ್ಕೆ ಹೊರಳಿದ. ಕರಡಿಯೂ ಎಡಕ್ಕೆ ಹೊರಳಿತೆಂದು ಲೌಡ್‌ಸ್ಪೀಕರ್ ಹೇಳಿತು. ಉಪಾಯವಾಗಿ ಬಲಕ್ಕೆ ಹಾರಿದ. ಕರಡಿಯೂ ಬಲಕ್ಕೆ ಹಾರಿತಂತೆ. ಇಷ್ಟು ಜಾಣ ಕರಡಿಯನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಉಸಿರು ಕಟ್ಟಿಕೊಂಡು ಮೇಲಿನ ಸಾಲಿನ ತನ್ನ ಮನೆಗೆ ನುಗ್ಗಿ ಬಾಗಿಲು ಬಡಿದ.

"ಹಾಲೀ! ತೆಗಿ! ಕರಡಿ ಎನ್ನ ಹಿಂದೇ ಬಂತು!"

"ತೆಗೆಯೋದಿಲ್ಲೆ!" ಎಂದು ಒಳಗಿಂದ ಹಾಲಿ ಚೀರಿದಳು. "ಬಾಗಿಲು ಹಾಕೋಕೆ ಹೇಳಾರೆ! ನೀವು ಬೇರೆ ಎಲ್ಲಾದ್ರೂ ಓಡಿ!"

"ಗಮನಿಸಿ. ಕರಡಿ ಮೇಲಿನ ಸಾಲಿನ ಮನೆಯ ಬಾಗಿಲಲ್ಲಿ ನಿಂತಿದೆ."

ಅಷ್ಟರಲ್ಲಿ ಅಕ್ಕಪಕ್ಕದವರು ಕರಡಿ ಓಡಿಸಲು ಇಟ್ಟುಕೊಂಡಿದ್ದ ಪಟಾಕಿ ಸರಕ್ಕೆ ಕಿಡಿ ತಾಗಿಸಿ ಕಿಟಕಿಯಿಂದ ಎಸೆದರು. ಸರ ಬಂದು ಬಿದ್ದದ್ದು ಜೋಗಿಯ ಕಾಲ ಬುಡದಲ್ಲಿ. ಅವನು ಮೂಟೆ ಎಸೆದ, ಕಂಬಳಿ ಕಿತ್ತೊಗೆದ, ಅಂಗಳದಲ್ಲೆಲ್ಲ ಕುಣಿದ. ಬೆಳಗಿನಿಂದ ಕೊಯ್ದ ಲೀಫು ಹಟ್ಟಿಯ ಉದ್ದಕ್ಕೂ ಹಾರಿತು. ಹೊಗೆ ಇಳಿದ ಮೇಲೆ ನೋಡಿದರೆ ಅಂಗಳದ ನಡುವೆ ಬನಿಯನ್ನಿನಲ್ಲಿ ನಡುಗುತ್ತ ಜೋಗಿ ಒಬ್ಬನೇ ನಿಂತಿದ್ದ.

"ಕರಡಿ ಹೋಯಿತು. ಸಹಕರಿಸಿದ್ದಕ್ಕೆ ಧನ್ಯವಾದ," ಎಂದಿತು ಕಂಬ.

ಒಂದೊಂದೇ ಬಾಗಿಲು ತೆರೆಯಿತು. ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಟ್ಟಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಾಲಿ ಕೂಡ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜೋಗಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ತನ್ನ ಮುಖವನ್ನು ಯಾರೂ ನೋಡದಿರಲಿ ಎಂದು ಅವನು ಬೆಟ್ಟಯ್ಯನ ಅಂಗಡಿಯ ಮೂಲೆಗೆ ಹೋಗಿ ಕೂತ. ಅದು ಅವನ ದಡ್ಡತನ. ಕ್ಯಾಮೆರಾ ತೆಗೆದ ವೀಡಿಯೋ ಊರ ವಾಟ್ಸಾಪ್ ಗುಂಪಿಗೆ ತಾನಾಗಿಯೇ ಹೋಗುತ್ತದೆ. ಊರ ಗುಂಪಿನಿಂದ ಅದು ನೆಂಟರ ಗುಂಪಿಗೆ, ನೆಂಟರ ಗುಂಪಿನಿಂದ ಮಂಜೂರಿನ ತರಕಾರಿಯವರ ಗುಂಪಿಗೆ ಹೋಗಿ, ಮುಂದಿನ ಬಸ್ಸಿನಲ್ಲೇ ನಗುನಗುತ್ತ ವಾಪಸು ಬಂದಿತ್ತು. ಬಸ್ಸಿನ ಕಂಡಕ್ಟರ್ ಆರುಮುಗಂ ಇಳಿದು ಬಂದವನೇ ಅಂಗಡಿಯಲ್ಲಿ ಅತ್ತಿತ್ತ ನೋಡಿ, "ಕರಡಿ ಎಲ್ಲಪ್ಪಾ, ಒಂದು ಸೆಲ್ಫಿ," ಎಂದ.

ಬೆಟ್ಟಯ್ಯ ಪಾಪ, ಗಂಭೀರವಾಗಿಯೇ ಲೋಟ ಹಿಡಿದು ಕೇಳಿದ. "ಜೋಗಣ್ಣ, ಸಕ್ರೆ ಹಾಕ್ಲಾ, ಜೇನುತುಪ್ಪ ಹಾಕ್ಲಾ?"

"ಬೆಟ್ಟಯ್ಯಾ!"

"ಕ್ವಾಪ ಮಾಡ್ಕಬ್ಯಾಡ. ಕೇಳೋದು ನಮ್ ಧರ್ಮ ಕಣ."

ಇದನ್ನೆಲ್ಲ ಜೋಗಿ ಹೇಗೋ ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಗಿರಿಧರನ್ ಬಂದು ಪಕ್ಕದಲ್ಲಿ ಕೂತು ಬೆನ್ನು ಸವರಿ ಹೇಳಿದ ಮಾತು.

"ಬೇಸರ ಮಾಡ್ಕೋಬೇಡ ಜೋಗಿ. ನಾನು ನಿನ್ನ ಕರಡಿ ಅನ್ನೋದಿಲ್ಲೆ. ಆದ್ರೆ ಸಭೆ ಏನಂದೀತು? ಮೆಷಿನ್ನಿಗೆ ಹಗೆ ಇಲ್ಲೆ, ದಾಯಾದಿ ಮತ್ಸರ ಇಲ್ಲೆ. ಅದು ಕಂಡದ್ದ ಹೇಳುತ್ತೆ. ಮೆಷಿನ್ನು ಕರಡಿ ಅಂದವನ ಕೈಗೆ ತುಪ್ಪ ಬೆಲ್ಲದ ಕೀಲಿ ಕೊಡೋದಾ ಅಂತ ನಾಕು ಜನ ಕೇಳ್ತಾರಲ್ಲಾ? ಈ ಸಲ ನೀ ಸುಮ್ಮನೆ ಹಿಂದೆ ಸರಿದ್ರೆ ಗೌರವ."

ಜೋಗಿಯ ಕಿವಿ ಕೆಂಪಾಯಿತು. ಊರು ನಂಬುವ ಮನುಷ್ಯನಾಗಲು ಹೊರಟವನಿಗೆ ಈಗ ಮನುಷ್ಯನಾಗುವುದೇ ಕಷ್ಟವಾಗಿತ್ತು. ಅವನು ಲೋಟವನ್ನು ಟಪ್ಪೆಂದು ಇಟ್ಟು ಎದ್ದ.

"ಕರೆಸು ಆ ರಾಜೇಶ್‌ಕುಮಾರನ್ನ! ಎನ್ನ ಮೊಗ ಕೊಡ್ತೀನಿ. ಸಭೆ ಮುಂಚೆ ಆ ಮೆಷಿನ್ನು ಎನ್ನ ಮನುಷ್ಯ ಅನ್ನೋಕು, ಅನ್ನಲೇಬೇಕು!"

ರಾಜೇಶ್‌ಕುಮಾರ್ ಅದೃಷ್ಟಕ್ಕೆ ಮಂಜೂರಿನಲ್ಲೇ ಯಾರದೋ ಅಂಗಡಿಗೆ ಕ್ಯಾಮೆರಾ ಕೂರಿಸುತ್ತಿದ್ದ. ಬೈಕ್ ಏರಿ ಬಂದ. ಭವನದ ಎದುರು ಮೇಜು ಹಾಕಿ ಲ್ಯಾಪ್‌ಟಾಪ್ ತೆರೆದ. ಹಟ್ಟಿಯವರು ಕೆಲಸ ಬಿಟ್ಟು ಸುತ್ತ ನಿಂತರು. ಊರ ಗೌಡ ಮಾದನ್, ಬಿಳಿ ಮುಂಡಾಸಿನ ಹಿರಿಯ, ಕುರ್ಚಿ ತರಿಸಿಕೊಂಡು ಮುಂದೆಯೇ ಕೂತರು.

"ಮುಖ ಒಂದೇ ಕೊಟ್ರೆ ಸಾಲದು ಅಣ್ಣಾ," ಎಂದ ರಾಜೇಶ್‌ಕುಮಾರ್. "ಅಷ್ಟು ದೂರದಿಂದ ಕ್ಯಾಮೆರಾಗೆ ಕಾಣೋದು ಕಂಬಳಿ, ಮೂಟೆ, ನಿಮ್ಮ ನಡಿಗೆ. ಎಲ್ಲಾನೂ ಕಲಿಸಬೇಕು. ಕವಲೆ ಬೇಡ, ಚಿಂತೆ ಬಿಡಿ, ನಾನಿದೀನಿ."

ಕಂಬಳಿ ಹೊದ್ದ ಜೋಗಿ, ಹೊದೆಯದ ಜೋಗಿ, ಮೂಟೆ ಹೊತ್ತ ಜೋಗಿ, ಮೊಣಕಾಲು ಎಳೆಯುವ ಜೋಗಿ, ಬೆನ್ನು ತುರಿಸಿಕೊಳ್ಳುವ ಜೋಗಿ ಎಂದು ಫೋನು ಹಿಡಿದು ಅವನ ಹಿಂದೆಯೇ ಸುತ್ತಿದ. ಅಕ್ಕಿ ಡಬ್ಬಿಯಲ್ಲಿ ಫೋನು ಹೂಳುತ್ತಿದ್ದ ಮನುಷ್ಯ ಈಗ ಮುಂಗಡೆ ಹಿಂಗಡೆ ಎರಡನ್ನೂ ಧಾರಾಳವಾಗಿ ಕೊಟ್ಟ. ಆಮೇಲೆ ರಾಜೇಶ್‌ಕುಮಾರ್, "ಈ ವಾರ ಮೆಷಿನ್ನು ಕರಡಿ ಅಂತ ಗುರುತು ಹಾಕಿದ ಫೋಟೋ ಎಲ್ಲಾ ಇಲ್ಲಿದೆ. ಕೂಗು ಶುರುವಾದದ್ದು ಇವತ್ತೇ ಆದ್ರೂ ಫೋಟೋ ಮೊದಲಿಂದ ಹಿಡೀತಿದೆ. ಇದರಲ್ಲಿ ನಿಮ್ಮದು ಯಾವುದು ಹೇಳಿ, ಅದಕ್ಕೆ ನಿಮ್ಮ ಹೆಸರು ಹಾಕ್ತೀನಿ," ಎಂದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದ.

ಚಿತ್ರಗಳೆಲ್ಲ ಮಂಜಿನಲ್ಲಿ ತೆಗೆದವು. ಪ್ರತಿಯೊಂದರಲ್ಲೂ ಕಪ್ಪಗೆ, ಗುಂಡಗೆ, ಬಗ್ಗಿದ ಒಂದು ಆಕಾರ. ಮೊದಲನೆಯದು ಬೆಳಗಿನದೇ.

"ಇದು ನಾ," ಎಂದ ಜೋಗಿ.

ಎರಡನೆಯದು ಶೆಡ್ಡಿನ ಹಿಂದೆ. "ಇದೂ ನಾ." ಮೂರನೆಯದನ್ನು ನೋಡುವಷ್ಟರಲ್ಲಿ ಅವನ ತಲೆಯಲ್ಲಿ ಒಂದು ದೊಡ್ಡ ಯೋಚನೆ ಮಿಂಚಿತು. ಈ ಎಲ್ಲ ಚಿತ್ರಗಳೂ ತನ್ನವೇ ಆದರೆ, ಗಿರಿಧರನ ಕ್ಯಾಮೆರಾ ಈವರೆಗೆ ಒಂದು ಕರಡಿಯನ್ನೂ ಹಿಡಿದಿಲ್ಲ ಎಂದಾಯಿತು! ಊರಿನ ಎದುರು ಅದರ ಮರ್ಯಾದೆ ತೆಗೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಬಾರದು. ಅವನು ಎದೆ ಸೆಟೆಸಿಕೊಂಡ.

"ಇದೂ ನಾ. ಅದೂ ನಾನೇ. ಎಲ್ಲಾ ಎನ್ನದೇ. ಹಾಕು ಎನ್ನ ಹೆಸರು!"

"ಅಲ್ಲ ಜೋಗಿ," ಎಂದು ಗಿರಿಧರನ್ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಇದರಲ್ಲಿ ನಾಕು ಕಾಲಲ್ಲಿ ಇದೆಯಲ್ಲಾ?"

"ಕುಡುಗೋಲು ಬಿದ್ದಿತ್ತು. ಹುಡುಕ್ತಾ ಇದ್ದೆ."

"ಇಲ್ಲಿ ಮರ ತಬ್ಬಿಕೊಂಡು ನಿಂತಿದೆ."

"ಮೊಣಕಾಲು ಹಿಡ್ಕೊಂಡಿತ್ತು. ಮರ ಹಿಡೀದೆ ನಿನ್ನ ಹಿಡೀಲಾ?"

"ಮತ್ತೆ ಇಲ್ಲಿ ಹುತ್ತಕ್ಕೆ ಮೂತಿ ಇಟ್ಟಿದೆ!"

ಜೋಗಿ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿದ. ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಇಲ್ಲಿ ಹಿಂಜರಿದರೆ ಕೀಲಿ ಹೋಯಿತು ಎಂದು ಅವನಿಗೆ ಗೊತ್ತಿತ್ತು.

"ಹಾವು ಇದೆಯಾ ಅಂತ ನೋಡ್ದೆ. ಊರ ಮಕ್ಕಳು ಓಡಾಡೋ ದಾರಿ. ನೋಡೋಕು ತಾನೆ ಯಾರಾದ್ರೂ?"

ಹಟ್ಟಿಯ ಹೆಂಗಸರು ಮೆಚ್ಚುಗೆಯಿಂದ ಲೊಚಗುಟ್ಟಿದರು. ಮಕ್ಕಳಿಗಾಗಿ ಹುತ್ತಕ್ಕೆ ಮೂತಿ ಇಟ್ಟ ಗಂಡಸನ್ನು ಅವರು ಈ ಮೊದಲು ಕಂಡಿರಲಿಲ್ಲ. ಹಾಲಿ ಮಾತ್ರ ಗಂಡನನ್ನು ಅನುಮಾನದಿಂದ ನೋಡಿದಳು. ರಾಜೇಶ್‌ಕುಮಾರ್ ಒಂದೊಂದೇ ಚಿತ್ರಕ್ಕೆ ಜೋಗಿಯ ಹೆಸರು ಬರೆದ.

"ಮುಗೀತು ಅಣ್ಣಾ. ಇನ್ನು ನಿಮ್ಮನ್ನ ಕಂಡ್ರೆ ಮೆಷಿನ್ನು ಉಸಿರೆತ್ತೋದಿಲ್ಲ."

"ಸುಮ್ಮನಿರೋದಾ?" ಎಂದು ಜೋಗಿ ಸಿಡಿದ. "ಊರೆಲ್ಲ ಕೇಳೋ ಹಾಗೆ ಕರಡಿ ಅಂದಿದೆ. ಊರೆಲ್ಲ ಕೇಳೋ ಹಾಗೆ ಜೋಗಿ ಅನ್ನೋಕು. ಹೆಸರು ಹೇಳೋಕು, ಮರ್ಯಾದೆಯಿಂದ!"

ಗೌಡರು ತಲೆದೂಗಿದರು, ನ್ಯಾಯವಾಗಿಯೇ ಇತ್ತು. ಸರಣ್ಯಾಳನ್ನು ಕರೆಸಿ, ಕರಡಿ ಎಂದಿದ್ದಲ್ಲೆಲ್ಲ ಜೋಗಣ್ಣ ಎಂದು ಹೊಸದಾಗಿ ರೆಕಾರ್ಡ್ ಮಾಡಿಸಿದರು. ಜೋಗಿ ಕಂಬಳಿ ಕೊಪ್ಪೆ ಹಾಕಿ, ಬಗ್ಗಿ, ಶೆಡ್ಡಿನ ದಾರಿಯಿಂದ ತೂಗಾಡುತ್ತ ಬಂದ. ಹಟ್ಟಿ ಉಸಿರು ಹಿಡಿದು ನಿಂತಿತು. ಕ್ಯಾಮೆರಾ ಕತ್ತು ತಿರುಗಿಸಿ, ಒಂದಿಷ್ಟು ಯೋಚಿಸಿ, ಬಾಯಿ ಬಿಟ್ಟಿತು.

"ಗಮನಿಸಿ. ಜೋಗಣ್ಣ ಬರುತ್ತಿದ್ದಾರೆ. ಯಾರೂ ಅಂಜಬೇಡಿ."

ಚಪ್ಪಾಳೆ ಬಿತ್ತು. ಜೋಗಿಯ ಕಣ್ಣಲ್ಲಿ ನೀರು ಬಂತು. ತನ್ನ ಹೆಸರನ್ನು ಅಷ್ಟು ಗೌರವದಿಂದ, ಅಷ್ಟು ಗಟ್ಟಿಯಾಗಿ ಅವನ ಜನ್ಮದಲ್ಲಿ ಯಾರೂ ಕರೆದಿರಲಿಲ್ಲ. ಹಾಲಿಯಂತೂ 'ಇವರೇ' ಎಂಬುದನ್ನು ದಾಟಿ ಹೋದವಳೇ ಅಲ್ಲ. ಸಭೆ ಸೇರುವವರೆಗೆ ಅವನಿಗೆ ಶೆಡ್ಡಿನ ಕಡೆ ಎಷ್ಟು ಕೆಲಸ ಹುಟ್ಟಿಕೊಂಡಿತೆಂದರೆ ಹೇಳತೀರದು. ಟವೆಲ್ ಮರೆತೆನೆಂದು ಹೋದ, ಟವೆಲ್ ಹೆಗಲ ಮೇಲೇ ಇದೆಯೆಂದು ಬಂದ. ಹೋದಾಗಲೂ ಬಂದಾಗಲೂ ಜೋಗಣ್ಣ ಬರುತ್ತಿದ್ದಾರೆ ಎಂದು ಕಂಬ ಬೆಟ್ಟಕ್ಕೆಲ್ಲ ಸಾರಿತು. ಕಣಿವೆಯ ಆಚೆಯ ಹಟ್ಟಿಯವರು ಯಾರೋ ಮಂತ್ರಿ ಬಂದಿದ್ದಾರೆಂದು ಹೊರಗೆ ಬಂದು ನೋಡಿದರಂತೆ.

ಸಭೆ ತುಂಬಿತು. ಮಂಜು ದಟ್ಟವಾಗಿದ್ದರಿಂದ ಭವನದ ಬಾಗಿಲು ಮುಂದಕ್ಕೆಳೆದು ದೀಪ ಹಾಕಿದ್ದರು. ಬೆಟ್ಟಯ್ಯ ಕೂಡ ಚಹಾದ ಪಾತ್ರೆ ಹೊತ್ತು ಬಂದು ಬಾಗಿಲ ಬಳಿ ಕೂತಿದ್ದ. ಗಿರಿಧರನ್ ಎದ್ದು ಏನೋ ಹೇಳಹೋದ. ಜೋಗಿ ಬಿಡಲಿಲ್ಲ.

"ಊರವರೇ, ಒಂದು ಮಾತು. ಈ ಕ್ಯಾಮೆರಾ ತಂದವರು ಯಾರು? ಗಿರಿಧರನ್. ಅದು ಹಿಡಿದ ಕರಡಿ ಎಷ್ಟು? ಒಂದೂ ಇಲ್ಲೆ! ಎಲ್ಲಾ ನಾನೇ! ತಾನು ತಂದ ಮೆಷಿನ್ನಿಗೆ ಮನುಷ್ಯ ಯಾರು ಕರಡಿ ಯಾರು ಅಂತ ಕಲಿಸೋಕೆ ಆಗದವರು ನಂಗಳ ಊರ ತುಪ್ಪ ಕಾಯ್ತಾರಾ? ನಾ ಮೊಗ ಕೊಡೋದಿಲ್ಲೆ ಅಂತಿದ್ದೆ, ನಿಜ. ಊರಿಗಾಗಿ ಕೊಟ್ಟೆ. ಇವತ್ತು ಈ ಹಟ್ಟಿಲಿ ಮೆಷಿನ್ನು ಹೆಸರು ಹಿಡಿದು ಕರೆಯೋದು ಒಬ್ಬನನ್ನೇ. ಅಂಜಬೇಡಿ ಅಂತ ಅದೇ ಹೇಳುತ್ತೆ. ಇನ್ನೇನು ಬೇಕು?"

ಇಷ್ಟು ಚೆನ್ನಾಗಿ ತಾನು ಮಾತಾಡಬಲ್ಲೆ ಎಂದು ಜೋಗಿಗೇ ಗೊತ್ತಿರಲಿಲ್ಲ. ಗಿರಿಧರನ್ ಗಾಳಿ ಬಿಟ್ಟ ಬಲೂನಿನಂತೆ ಕುಸಿದು ಕೂತ. ರಂಗನಾಥನ್ ಸೊಂಟದಿಂದ ಕೀಲಿ ಬಿಚ್ಚಿ ತಡವರಿಸುತ್ತ ಗೌಡರಿಗೆ ಕೊಟ್ಟ, ಗೌಡರು ಅದನ್ನು ಜೋಗಿಯ ಅಂಗೈಯಲ್ಲಿಟ್ಟರು. ಯಾರೋ ಹೂಮಾಲೆ ಹಾಕಿದರು. ಹಾಲಿ ಹೆಮ್ಮೆಯಿಂದ ಅಕ್ಕಪಕ್ಕದವರನ್ನು ನೋಡಿದಳು. "ಊರು ನಂಬೋ ಮನುಷ್ಯ!" ಎಂದು ಗೌಡರು ಹೇಳಲು ಬಾಯಿ ತೆರೆದರು.

"ಗಮನಿಸಿ," ಎಂದಿತು ಹೊರಗಿನ ಕಂಬ. "ಜೋಗಣ್ಣ ಬರುತ್ತಿದ್ದಾರೆ. ಯಾರೂ ಅಂಜಬೇಡಿ."

ಗೌಡರ ಬಾಯಿ ತೆರೆದೇ ಉಳಿಯಿತು. ಎಲ್ಲರೂ ವೇದಿಕೆಯ ಮೇಲಿದ್ದ ಜೋಗಿಯನ್ನು ನೋಡಿದರು. ಜೋಗಿಯೂ ತನ್ನನ್ನು ತಾನೇ ಮುಟ್ಟಿ ನೋಡಿಕೊಂಡ.

"ಗಮನಿಸಿ. ಜೋಗಣ್ಣ ಉಗ್ರಾಣದ ಕಿಟಕಿ ಹತ್ತುತ್ತಿದ್ದಾರೆ. ಯಾರೂ ಅಂಜಬೇಡಿ."

ಗೋಡೆಯ ಆಚೆ ಡಬ್ಬಿಯೊಂದು ಧಡಾರನೆ ಬಿತ್ತು. ಸಭೆಯಲ್ಲಿ ಪಿಸಪಿಸ ಎದ್ದಿತು. ಇಷ್ಟು ಹೊತ್ತೂ ಆ ದನಿ ಹೇಳಿದ್ದು ಒಂದು ಸಲವೂ ಸುಳ್ಳಾಗಿರಲಿಲ್ಲ. ಜೋಗಣ್ಣ ಬರುತ್ತಿದ್ದಾರೆ ಎಂದಾಗಲೆಲ್ಲ ಜೋಗಿ ಬಂದಿದ್ದ. ಈಗ ಅದು ಜೋಗಿ ಹೊರಗಿದ್ದಾನೆ ಎನ್ನುತ್ತಿದೆ. ಹಾಗಾದರೆ ಮಾಲೆ ಹಾಕಿಕೊಂಡು ಕೀಲಿ ಹಿಡಿದು ಇಲ್ಲಿ ನಿಂತಿರುವುದು ಏನು? ಮುಂದಿನ ಸಾಲಿನವರು ಮೆಲ್ಲಗೆ ಹಿಂದಕ್ಕೆ ಜರುಗಿದರು. ರಂಗನಾಥನ್ ತನ್ನ ಮಂಜುಗಣ್ಣುಗಳನ್ನು ಕಿರಿದು ಮಾಡಿ ಅವನನ್ನು ಮೂಸಿ ನೋಡಿದ. ಹಾಲಿ ಕೂಡ ಗಂಡನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಹಾಲೀ, ನಾನು ಕಣೇ!" ಎಂದು ಜೋಗಿ ಅಳುವ ದನಿಯಲ್ಲಿ ಹೇಳಿದ.

"ಹಾಗಂತ ಹೊರಗಿರೋರೂ ಹೇಳ್ತಾರಲ್ಲಾ," ಎಂದಳು ಹಾಲಿ.

"ತಡೀರಿ, ಇಲ್ಲಿ ಮಾತ್ಯಾಕೆ? ಕೀಲಿ ಅವನತ್ರ ಅದಲ್ಲಾ, ತೆಗ್ದು ನೋಡ್ಬುಡವ," ಎಂದ ಬೆಟ್ಟಯ್ಯ ಬಾಗಿಲ ಬಳಿಯಿಂದ.

ಹಾಗೆ, ಕೀಲಿಗಾರನಾಗಿ ಜೋಗಿಯ ಮೊದಲ ಕೆಲಸ ಉಗ್ರಾಣದ ಬಾಗಿಲು ತೆರೆಯುವುದಾಯಿತು. ಇಡೀ ಸಭೆ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಹಿಂದೆ ನಿಂತಿತು. ಬೀಗ ಕಳಚಿತು. ಒಳಗೆ, ಮುರಿದ ಕಿಟಕಿಯ ಕೆಳಗೆ, ಒಂದು ಭರ್ಜರಿ ಕರಡಿ ತುಪ್ಪದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಬೆಲ್ಲದ ಅಚ್ಚುಗಳನ್ನು ಹರಡಿಕೊಂಡು, ಕಾಲು ಚಾಚಿ ಕೂತಿತ್ತು. ಜೋಗಿ ಇಷ್ಟು ವರ್ಷ ಕನಸು ಕಂಡಿದ್ದ ಭಂಗಿಯೇ ಅದು.

ಕರಡಿ ಜೋಗಿಯನ್ನು ನೋಡಿತು, ಜೋಗಿ ಕರಡಿಯನ್ನು ನೋಡಿದ. ಅಷ್ಟು ಜನರನ್ನು ಕಂಡು ಅದಕ್ಕೆ ಸಂಕೋಚವಾಯಿತೋ ಏನೋ, ಒಂದು ಅಚ್ಚು ಬೆಲ್ಲ ಬಾಯಲ್ಲಿ ಕಚ್ಚಿಕೊಂಡು ಎದ್ದು, ಜೋಗಿ ತೆರೆದ ಬಾಗಿಲಿನಿಂದಲೇ ಹೊರಬಂದಿತು. ಸಭೆ ಎರಡಾಗಿ ಸೀಳಿ ದಾರಿ ಬಿಟ್ಟಿತು. ಕರಡಿ ಬಲಗಾಲನ್ನು ಸ್ವಲ್ಪ ಎಳೆಯುತ್ತ, ತೂಗಾಡಿಕೊಂಡು, ಶೆಡ್ಡಿನ ದಾರಿಯಲ್ಲಿ ಇಳಿದುಹೋಯಿತು.

"ಜೋಗಣ್ಣ ಹೋಗುತ್ತಿದ್ದಾರೆ," ಎಂದಿತು ಕಂಬ. "ಸಹಕರಿಸಿದ್ದಕ್ಕೆ ಧನ್ಯವಾದ."

ಎಲ್ಲರೂ ಭವನದೊಳಕ್ಕೆ ಬಂದು ಬಾಗಿಲು ಭದ್ರ ಮಾಡಿ, ರಾಜೇಶ್‌ಕುಮಾರನನ್ನು ಹಿಡಿದು ನಿಲ್ಲಿಸಿದರು. ಅವನು ಬೆವರು ಒರೆಸಿಕೊಂಡ.

"ನಾನೇನು ಮಾಡ್ಲಿ ಸಾರ್? ಆ ಫೋಟೋದಲ್ಲಿ ಪಾತಿ ಅಣ್ಣಂದು, ಇನ್ನರ್ಧ ಕರಡಿದು. ಎಲ್ಲಾ ತನ್ನದೇ ಅಂತ ಅಣ್ಣನೇ ಹೇಳಿದ್ರು. ಮೆಷಿನ್ನು ನಂಬಿಕೊಳ್ತು. ಅದಕ್ಕೆ ಈಗ ಇಬ್ಬರೂ ಒಂದೇ."

"ಬೇರೆ ಮಾಡು," ಎಂದರು ಗೌಡರು.

"ಬೇರೆ ಮಾಡೋಕೆ ಬರೋದಿಲ್ಲ ಸಾರ್. ಬೆಳಗ್ಗೆ ಇಬ್ಬರೂ ಕರಡಿ ಆಗಿದ್ರು. ಈಗ ಇಬ್ಬರೂ ಜೋಗಣ್ಣ ಆಗಿದ್ದಾರೆ. ಎರಡರಲ್ಲಿ ಒಂದು ಇಟ್ಕೋಬೇಕು. ನಡಿಗೆಯೂ ಸೇರಿಹೋಗಿದೆ, ಕಂಬಳಿ ಬಿಟ್ಟು ಬಂದ್ರೂ ಅಣ್ಣನ್ನ ಬಿಡೋದಿಲ್ಲ."

ಗೌಡರು ಬಹಳ ಹೊತ್ತು ಮುಂಡಾಸಿನೊಳಗೆ ಬೆರಳಿಟ್ಟು ತಲೆ ಕೆರೆದುಕೊಂಡರು. ಆಮೇಲೆ ನಿಧಾನವಾಗಿ ಎದ್ದು ನಿಂತರು.

"ಊರವರೇ, ಜೋಗಿ ಕಳ್ಳ ಅಲ್ಲ. ತುಪ್ಪ ಹೋದಾಗ ಅವ ನಂಗಳ ಕಣ್ಣೆದುರೇ ಇದ್ದ. ಅದರಿಂದ ಕೀಲಿ ಅವನತ್ರವೇ ಇರ್ಲಿ, ಅದರಲ್ಲಿ ಎರಡು ಮಾತಿಲ್ಲೆ. ಆದ್ರೆ ಮೆಷಿನ್ನಿನ ವಿಷಯ ಬೇರೆ. ಕರಡಿ ಬಂದಾಗ ಜೋಗಿ ಅಂದ್ರೆ ನಂಗ ಎಲ್ಲಾ ಬಾಗಿಲು ತೆಗೆದು ನಿಲ್ಲುತ್ತೀವಿ; ಅದು ಅಪಾಯ. ಜೋಗಿ ಬಂದಾಗ ಕರಡಿ ಅಂದ್ರೆ ಬಾಗಿಲು ಹಾಕ್ಕೊಳ್ಳುತ್ತೀವಿ. ಅದರಿಂದ ಯಾರಿಗೇನು ನಷ್ಟ? ಜೋಗಿನ ಕರಡಿ ಅಂತಲೇ ಇಟ್ಕೊಳ್ಳೋಕು ಅನ್ನೋರು ಕೈ ಎತ್ತಿ."

ಗಿರಿಧರನ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ರಂಗನಾಥನ್ ಎತ್ತಿದ, ಸರಣ್ಯಾ ಎತ್ತಿದಳು, ಅಜ್ಜಿಯರು ಕೋಲುಗಳನ್ನೇ ಎತ್ತಿದರು. ಊರವನಲ್ಲದಿದ್ದರೂ ಬೆಟ್ಟಯ್ಯ ಚಹಾದ ಸೌಟು ಎತ್ತಿದ. ಹಾಲಿ ನೆಲ ನೋಡುತ್ತ, ಸೆರಗಿನ ಮರೆಯಲ್ಲಿ, ಒಂದಿಷ್ಟೇ ಕೈ ಎತ್ತಿದಳು.

ಜೋಗಿಗೆ ಸಿಟ್ಟು, ಅಳು, ಎಲ್ಲ ಒಟ್ಟಿಗೆ ಬಂತು. ಮಾಲೆ ಕಿತ್ತು, ಕೀಲಿಯನ್ನು ಮುಷ್ಟಿಯಲ್ಲಿ ಬಿಗಿದು, ವೇದಿಕೆಯ ತುದಿಗೆ ಬಂದು, ಬಲಗೈಯನ್ನು ಸೂರಿಗೆ ತಾಗುವಷ್ಟು ಎತ್ತರಕ್ಕೆ ಎತ್ತಿ ಗರ್ಜಿಸಿದ.

"ಇದಕ್ಕೆ ನಾ ಒಪ್ಪೋದಿಲ್ಲೆ! ಎನ್ನ ಓಟು ವಿರುದ್ಧ! ಬರೆದುಕೊಳ್ಳಿ!"

ಗೌಡರು ಅವನನ್ನು ಕನಿಕರದಿಂದಲೇ ನೋಡಿದರು.

"ಕೂತ್ಕೋ ಜೋಗಿ," ಎಂದರು. "ತೀರ್ಮಾನ ಆಗೋಯ್ತು. ಈ ಸಭೆಲಿ ಮನುಷ್ಯರಿಗೆ ಮಾತ್ರ ಓಟು."